ಮುಸುಕಿನ ಜೋಳದ ಸಾಲುಗಳು

ಕರೆದರೆ ತಿರುಗಿ ನೋಡದ, ಕಣ್ಣಿಗೆ ಕಣ್ಣು ಕೊಡದ, ಒಂದೇ ಆಟದಲ್ಲಿ ಗಂಟೆಗಟ್ಟಲೆ ಮುಳುಗಿರುವ ಮಗುವನ್ನು ಒಂದು ದೇಶ ರೋಗಿ ಎಂದು ಕರೆದರೆ ಮತ್ತೊಂದು ದೇಶ ಮನೆತನದ ಕಳಂಕ ಎಂದು ಬಚ್ಚಿಡುತ್ತದೆ. ನಮ್ಮ ಬಾಬುರಾಯನಕೊಪ್ಪಲಿನಂತಹ ಕಾವೇರಿ ಬಯಲಿನ ಊರುಗಳಲ್ಲಿ ಅದು ಪೂರ್ವಜನ್ಮದ ಕರ್ಮವೋ ಹೆತ್ತವಳ ತಪ್ಪೋ ಆಗಿಬಿಡುತ್ತದೆ. ಮಗು ಮಾತ್ರ ಎಲ್ಲೆಡೆಯೂ ಅದೇ ಮಗು. ಆಟಿಸಂ ಅಥವಾ ಸ್ವಲೀನತೆ ಎಂಬ ಈ ಸ್ಥಿತಿಯನ್ನು ಜಗತ್ತಿನ ಗಮನಕ್ಕೆ ತಂದ ಡಾ. ಲಿಯೊ ಕ್ಯಾನರ್ ಅವರ ಬದುಕು ಈ ವೈಚಿತ್ರ್ಯವನ್ನು ಬಲ್ಲವರೆಲ್ಲರೂ ಅರಿಯಬೇಕಾದದ್ದು ಎಂದು ನಾನು ಭಾವಿಸುತ್ತೇನೆ.

ಕ್ಯಾನರ್ ಹುಟ್ಟಿದ್ದು 1894ರಲ್ಲಿ, ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಉಕ್ರೇನಿನಲ್ಲಿರುವ ಸಣ್ಣದೊಂದು ಹಳ್ಳಿಯ ಯಹೂದಿ ಮನೆಯಲ್ಲಿ. ಕವಿಯಾಗುವ ಹಂಬಲವಿದ್ದ ಯುವಕ ಬರ್ಲಿನ್ನಿನಲ್ಲಿ ವೈದ್ಯಶಾಸ್ತ್ರ ಓದಿ, 1924ರಲ್ಲಿ ಅಮೆರಿಕಕ್ಕೆ ಹೋದ. ದಕ್ಷಿಣ ಡಕೋಟದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಬಳಿಕ, 1930ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ಚಿಕಿತ್ಸಾಲಯವನ್ನು ಕಟ್ಟಿದ.

ಅವರು ಬರಿಯ ಪಂಡಿತರಾಗಿರಲಿಲ್ಲ. ಬುದ್ಧಿಮಾಂದ್ಯ ಹೆಣ್ಣುಮಕ್ಕಳನ್ನು ನ್ಯಾಯಾಲಯದ ಮೂಲಕ ಆಶ್ರಯಧಾಮದಿಂದ ಬಿಡಿಸಿ, ಸಿರಿವಂತರ ಮನೆಗಳಿಗೆ ಅಗ್ಗದ ಆಳುಗಳನ್ನಾಗಿ ಒದಗಿಸುತ್ತಿದ್ದ ದಂಧೆಯನ್ನು 1937ರಲ್ಲಿ ಬಯಲಿಗೆಳೆದರು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಅನೇಕ ಯಹೂದಿ ವೈದ್ಯರಿಗೆ ನೆಲೆ ಕಲ್ಪಿಸಿದರು. ತೀವ್ರ ಬುದ್ಧಿಮಾಂದ್ಯ ಮಕ್ಕಳಿಗೆ ದಯಾಮರಣವೇ ಸರಿಯೆಂದು ಅಮೆರಿಕದ ಹಿರಿಯ ನರತಜ್ಞರೊಬ್ಬರು 1942ರಲ್ಲಿ ವಾದಿಸಿದಾಗ, ಅದೇ ಪತ್ರಿಕೆಯಲ್ಲಿ ಕ್ಯಾನರ್ ಅದನ್ನು ಖಂಡಿಸಿದರು. ನಾಗರಿಕರು ತಾವು ಮಾಡಲೊಪ್ಪದ ಕೆಲಸಗಳನ್ನು ಯಾರಿಂದ ಮಾಡಿಸಿಕೊಳ್ಳುತ್ತಿದ್ದಾರೋ ಅವರನ್ನೇ ನಿರುಪಯುಕ್ತರೆನ್ನುವುದು ಅವರಿಗೆ ಸಹ್ಯವಾಗಲಿಲ್ಲ.

ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಪಟ್ಟಣದ ಡೊನಾಲ್ಡ್ ಟ್ರಿಪ್ಲೆಟ್ ಅವರ ಬಳಿಗೆ ಬಂದದ್ದು 1938ರಲ್ಲಿ, ಐದು ವರ್ಷದವನಾಗಿದ್ದಾಗ. ಅಂದಿನ ವೈದ್ಯರ ಸಲಹೆಯಂತೆ ಹೆತ್ತವರು ಮಗುವನ್ನು ಮೊದಲು ದೂರದ ಆಶ್ರಯಧಾಮವೊಂದರಲ್ಲಿ ಬಿಟ್ಟಿದ್ದರು. ಮನಸ್ಸು ತಾಳದೆ ಮನೆಗೆ ಕರೆತಂದಿದ್ದರು. ಡೊನಾಲ್ಡ್‌ನೊಡನೆ ಇನ್ನೂ ಹತ್ತು ಮಕ್ಕಳನ್ನು ಸೇರಿಸಿ ಕ್ಯಾನರ್ 1943ರಲ್ಲಿ ಪ್ರಕಟಿಸಿದ ಪ್ರಬಂಧವೇ ಸ್ವಲೀನತೆಯ ಅಧ್ಯಯನಕ್ಕೆ ಬುನಾದಿಯಾಯಿತು.

ಆದರೆ ನನ್ನನ್ನು ಹೆಚ್ಚು ಸೆಳೆಯುವುದು ಆ ಪ್ರಬಂಧವಲ್ಲ, ಅದರ ಆಚೆಗಿನ ಹೊಲ. 1942ರಲ್ಲಿ ಡೊನಾಲ್ಡ್‌ನನ್ನು ಊರಿನಿಂದ ಸುಮಾರು 16 ಕಿಲೋಮೀಟರ್ ದೂರದ ರೈತ ದಂಪತಿಯ ಮನೆಯಲ್ಲಿ ಇರಿಸಲಾಯಿತು. ಅವನಿಗೆ ಎಣಿಸುವ, ಅಳೆಯುವ ಗೀಳು. ಆ ದಂಪತಿ ಗೀಳನ್ನು ಬಿಡಿಸಲು ಹೋಗಲಿಲ್ಲ. ಅಳೆಯುವ ಹುಚ್ಚಿಗೆ ಬಾವಿ ತೋಡುವ ಕೆಲಸ ಕೊಟ್ಟು, ಎಷ್ಟು ಆಳವಾಯಿತೆಂದು ತಿಳಿಸು ಎಂದರು. ಮುಸುಕಿನ ಜೋಳದ ಸಾಲುಗಳನ್ನು ಉಳುತ್ತಲೇ ಎಣಿಸಲು ಬಿಟ್ಟರು. 1945ರಲ್ಲಿ ನೋಡಲು ಬಂದ ಕ್ಯಾನರ್, ಹುಡುಗ ಕುದುರೆ ನೇಗಿಲನ್ನು ನಿಭಾಯಿಸುತ್ತಿದ್ದ ರೀತಿಗೆ ಬೆರಗಾದರು. ಹಳ್ಳಿಯ ಶಾಲೆಯೂ ಅವನ ವಿಚಿತ್ರಗಳೊಡನೆಯೇ ಅವನನ್ನು ಸೇರಿಸಿಕೊಂಡಿತ್ತು. ಮುಂದೆ ಡೊನಾಲ್ಡ್ ಪದವಿ ಪಡೆದು, ಬ್ಯಾಂಕಿನಲ್ಲಿ ದುಡಿದು, ದೇಶ ಸುತ್ತಿ, ತನ್ನೂರಿನಲ್ಲೇ ಬಾಳಿ 2023ರಲ್ಲಿ ತೀರಿಕೊಂಡರು. ಅವರ ಮನೆಯವರು ಬ್ಯಾಂಕಿನ ಒಡೆಯರೆಂಬುದನ್ನು ಮರೆಯುವಂತಿಲ್ಲ. ಆದರೂ ಕ್ಯಾನರ್ 1971ರಲ್ಲಿ ಆ ಹನ್ನೊಂದು ಮಕ್ಕಳ ಗತಿಯನ್ನು ಹಿಂತಿರುಗಿ ನೋಡಿದಾಗ, ಸರ್ಕಾರಿ ಧಾಮಗಳಲ್ಲಿ ಕೂಡಿಹಾಕಲ್ಪಟ್ಟವರು ಇದ್ದ ಕಳೆಯನ್ನೂ ಕಳೆದುಕೊಂಡಿದ್ದರು.

ಇದೇ ವೈದ್ಯರಿಂದ ತಾಯಂದಿರಿಗೆ ಅನ್ಯಾಯವೂ ಆಯಿತು. ಸ್ವಲೀನತೆ ಹುಟ್ಟಿನಿಂದಲೇ ಬಂದದ್ದೆಂದು 1943ರಲ್ಲಿ ಬರೆದವರು, 1949ರಲ್ಲಿ ಹೆತ್ತವರ ಭಾವಶೈತ್ಯದತ್ತ ಬೆರಳು ಮಾಡಿದರು. ತಾಯಿಯ ಎದೆಯ ತಣ್ಣನೆತನವೇ ಕಾರಣವೆಂಬ ಮಾತು ಪಶ್ಚಿಮದಲ್ಲೆಲ್ಲ ಹರಡಿತು. 1969ರಲ್ಲಿ ಅಮೆರಿಕದ ಹೆತ್ತವರ ಸಂಘದ ಸಭೆಯಲ್ಲಿ ಕ್ಯಾನರ್ ಅವರನ್ನು ಆ ದೋಷದಿಂದ ಮುಕ್ತಗೊಳಿಸಿದರು. ಅಷ್ಟರಲ್ಲಿ ಎರಡು ದಶಕ ಕಳೆದಿತ್ತು. ಫ್ರಾನ್ಸಿನಲ್ಲಿ ಈ ಬಗೆಯ ಮನೋವಿಶ್ಲೇಷಣೆಯ ಹಿಡಿತ 2012ರಲ್ಲೂ ವಿವಾದದ ವಸ್ತುವಾಗಿತ್ತು. ದಕ್ಷಿಣ ಕೊರಿಯಾದಲ್ಲಿ ಎಷ್ಟೋ ತಾಯಂದಿರು, ವಂಶದೋಷವೆಂಬ ಮಾತು ಬಂದು ಉಳಿದ ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು, ತಮ್ಮ ಆರೈಕೆಯ ಕೊರತೆಯೇ ಕಾರಣವೆಂಬ ಆರೋಪವನ್ನು ತಾವೇ ಹೊತ್ತುಕೊಂಡರು. ಕ್ಯಾನರ್ 1981ರಲ್ಲಿ ತೀರಿಕೊಂಡರು. ಆ ಆರೋಪ ಅವರೊಡನೆ ಸಾಯಲಿಲ್ಲ.

ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದು ಬಂತು. 2016ರ ಕಾಯ್ದೆ ಅದನ್ನು ಪೂರ್ಣವಾಗಿ ಒಪ್ಪಿಕೊಂಡಿತು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದು ಬಾಬುರಾಯನಕೊಪ್ಪಲಿಗೆ ಹತ್ತಿರದ ಮೈಸೂರಿನಲ್ಲೇ. ಆದರೆ ಮಾತು ತಡವಾದ ಮಗುವನ್ನು ಅಲ್ಲಿಗೆ ಕರೆದೊಯ್ಯುವ ಮೊದಲು ಹರಕೆ, ತಾಯಿತಗಳಲ್ಲಿ ವರ್ಷಗಳು ಸವೆಯುತ್ತವೆ. ಅಷ್ಟರಲ್ಲಿ ಬಂಧುಗಳ ಮಾತಿನ ಏಟು ತಾಯಿಯ ಮೇಲೆ ಬಿದ್ದಿರುತ್ತದೆ.

ಸಮಾಜ ಕೇಳುವ ಕೆಲಸ ಜಟಿಲವಾದಷ್ಟೂ ಅಸಮರ್ಥರೆನಿಸಿಕೊಳ್ಳುವವರ ಸಂಖ್ಯೆ ಹೆಚ್ಚುತ್ತದೆ ಎಂಬುದು ಬುದ್ಧಿಮಾಂದ್ಯತೆಯ ಕುರಿತು ಕ್ಯಾನರ್ ಕಂಡುಕೊಂಡ ಸತ್ಯ. ದನ ಮೇಯಿಸಲು, ಗದ್ದೆಗೆ ನೀರು ಕಟ್ಟಲು ಜನ ಬೇಕಾಗಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳು ಇಂಥವರನ್ನು ಗೇಲಿ ಮಾಡಿದರೂ ಒಂದು ಜಾಗ ಕೊಟ್ಟಿದ್ದವು. ಅಂಕಪಟ್ಟಿಯೇ ಮನುಷ್ಯನ ಅಳತೆಯಾದ ಇಂದು ಗೇಲಿ ಉಳಿದು ಜಾಗ ಹೋಗಿದೆ. ಬೇಗ ಗುರುತಿಸುವ ಅಂಗನವಾಡಿ ಕಾರ್ಯಕರ್ತೆ, ಸೇರಿಸಿಕೊಳ್ಳುವ ಮೇಷ್ಟರು, ಹೆತ್ತವಳನ್ನು ದೂರದ ನೆರೆಹೊರೆ, ಇಷ್ಟು ನಮ್ಮ ಊರುಗಳಿಗೆ ಸಾಧ್ಯವಾಗಬೇಕು. ಮಿಸಿಸಿಪ್ಪಿಯ ರೈತ ದಂಪತಿ ಯಾವ ಮನೋವೈದ್ಯವನ್ನೂ ಓದಿದವರಲ್ಲ.