ತುಂಗೆ–ಭದ್ರೆಯರ ತವರು ಕುದುರೆಮುಖ



ದೂರದೂರಿನ ಮಕ್ಕಳೇ, ನಿಮ್ಮಲ್ಲಿ ಕೆಲವರ ಅಜ್ಜಿಮನೆ ಆಯನೂರು, ಶಿವಮೊಗ್ಗ, ಭದ್ರಾವತಿಯ ಆಸುಪಾಸಿನಲ್ಲಿದೆ. ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ, ಇಬ್ಬರೂ ಹುಟ್ಟುವುದು ಒಂದೇ ಕಡೆ: ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ. ಹುಟ್ಟಿದಲ್ಲಿ ಬೇರೆಯಾದವರು ಮತ್ತೆ ಒಂದಾಗುವುದು ಶಿವಮೊಗ್ಗದ ಹತ್ತಿರದ ಕೂಡ್ಲಿಯಲ್ಲಿ. ಅದೇ ಬೆಟ್ಟಸಾಲಿನ ನೇತ್ರಾವತಿ ಮಾತ್ರ ಘಟ್ಟವಿಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ.

ಉದ್ಯಾನಕ್ಕೆ ಹೆಸರು ಕೊಟ್ಟದ್ದು 1894 ಮೀಟರ್ ಎತ್ತರದ ಶಿಖರ. ಕರಾವಳಿಯ ಕಡೆಯಿಂದ ನೋಡಿದರೆ ಅದರ ಒಂದು ಮಗ್ಗುಲು ಕುದುರೆಯ ಮುಖದ ಹಾಗೆ ಕಾಣುತ್ತದೆ. ಅರಬ್ಬಿ ಸಮುದ್ರದಲ್ಲಿ ಹೋಗುವ ಹಡಗಿನವರಿಗೂ ಅದು ಗುರುತಾಗಿತ್ತು. ಘಟ್ಟದ ಮೇಲಿನವರು ಸಂಸೆ ಊರಿನ ಕಡೆಯಿಂದ ಹತ್ತುತ್ತಿದ್ದರು. ಅದಕ್ಕೇ ಹಿಂದೆ ಇದಕ್ಕೆ ಸಂಸೆ ಪರ್ವತವೆಂಬ ಹೆಸರೂ ಇತ್ತು. ಕೊನೆಗೆ ಉಳಿದದ್ದು ಕಡಲ ಕಡೆಯ ಹೆಸರು.

 ನಮ್ಮ ಕುದುರೆಮುಖ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. ಇದರ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಇಲ್ಲಿನ ಸಿಂಗಳೀಕಗಳ ಬಗ್ಗೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ನಡೆಸಿದ ಅಧ್ಯಯನ ಈ ಉದ್ಯಾನಕ್ಕೆ ದಾರಿಯಾಯಿತು. ಸಿಂಗಳೀಕ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಮಂಗ. ಮೈ ಕಪ್ಪು, ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ನೆಲಕ್ಕಿಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೆ ದಾಟಲು ಒತ್ತಾದ ಕಾಡೇ ಬೇಕು.

ಬೆಟ್ಟದ ನೆತ್ತಿಯಲ್ಲಿ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಎಂದು ಕರೆಯುವ ಕಾಡು. ಮಳೆಗಾಲದ ನೀರನ್ನು ಇವು ನೆನೆದ ಕಂಬಳಿಯಂತೆ ಹಿಡಿದಿಟ್ಟು, ಬೇಸಿಗೆಯಲ್ಲೂ ಸ್ವಲ್ಪ ಸ್ವಲ್ಪವಾಗಿ ಹಳ್ಳಗಳಿಗೆ ಬಿಡುತ್ತವೆ.

ಇದೇ ಬೆಟ್ಟದಲ್ಲಿ ಕಬ್ಬಿಣದ ಅದಿರೂ ಇದೆ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸಾವಿರಾರು ಮನೆಗಳಿಗೆ ಅದರಿಂದ ಅನ್ನ ಸಿಕ್ಕಿತು, ನಿಜ. ಆದರೆ ಮಳೆಗಾಲದಲ್ಲಿ ಗಣಿಯ ಮಣ್ಣು ಕೊಚ್ಚಿಕೊಂಡು ಬಂದು ಭದ್ರೆಯನ್ನು ಸೇರುತ್ತಿತ್ತು. ಪರಿಸರದ ಕಾಳಜಿಯುಳ್ಳವರು ಹೋರಾಡಿದರು, ಸುಪ್ರೀಂ ಕೋರ್ಟಿಗೆ ಹೋದರು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಮಕ್ಕಳೇ, ರಜೆಗೆ ಊರಿಗೆ ಬಂದಾಗ ಕೂಡ್ಲಿಗೆ ಕರೆದುಕೊಂಡು ಹೋಗಲು ಹೇಳಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಕುದುರೆಮುಖವನ್ನೂ ಹತ್ತಿ. ಮೇಲಿನ ಕಾಡು ಉಳಿದರೆ ಮಾತ್ರ ಕೆಳಗಿನ ನಮ್ಮ ಊರುಗಳಿಗೆ ನೀರು. ಆ ಕಾಡನ್ನು ಕಾಯುವ ಕೆಲಸದಲ್ಲಿ ದೂರದಲ್ಲಿರುವ ನಿಮಗೂ ಪಾಲಿದೆ.