ಡಾ. ಲಿಯೋ ಕ್ಯಾನರ್ (1894–1981): ಮಕ್ಕಳ ಮನೋವೈದ್ಯಶಾಸ್ತ್ರದ ಪ್ರವರ್ತಕರು

ಪೀಠಿಕೆ

ಬಾಲ್ಯದಲ್ಲಿಯೇ ಪ್ರಾರಂಭವಾಗುವ ಸ್ಕಿಜೋಫ್ರೇನಿಯಾ (ಛಿದ್ರಮನಸ್ಕತೆ) ಹಾಗೂ ಆಟಿಸಂ (ಸ್ವಲೀನತೆ) ಇವೆರಡನ್ನೂ ಇಂದು ಪ್ರತ್ಯೇಕ ಸ್ಥಿತಿಗಳೆಂದು ಗುರುತಿಸಲಾಗುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಈ ಎರಡೂ ಬಗೆಯ ಮಕ್ಕಳನ್ನು ಒಂದೇ ರೋಗದ ಹೆಸರಿನಡಿ ಸೇರಿಸಲಾಗುತ್ತಿತ್ತು. ಇವುಗಳ ನಡುವಿನ ವ್ಯತ್ಯಾಸವನ್ನು ತಿಳಿಯುವ ಸಂಶೋಧನೆಗೆ ತಳಹದಿ ಹಾಕಿದವರಲ್ಲಿ ಡಾ. ಲಿಯೋ ಕ್ಯಾನರ್ ಅವರು ಪ್ರಮುಖರು.

ಜನನ ಮತ್ತು ಶಿಕ್ಷಣ

ಕ್ಯಾನರ್ ಅವರು 1894ರ ಜೂನ್ 13ರಂದು ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಕ್ಲೆಕೋಟಿವ್ ಎಂಬ ಗ್ರಾಮದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಈ ಗ್ರಾಮವು ಈಗ ಉಕ್ರೇನ್ ದೇಶದಲ್ಲಿದೆ. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದ ಅವರು ಪ್ರಥಮ ಮಹಾಯುದ್ಧದಲ್ಲಿ ಸೇನಾ ಸೇವೆ ಸಲ್ಲಿಸಿ, 1921ರಲ್ಲಿ ವೈದ್ಯಕೀಯ ಪದವಿ ಪಡೆದರು. 1924ರಲ್ಲಿ ಅಮೆರಿಕಕ್ಕೆ ತೆರಳಿ ದಕ್ಷಿಣ ಡಕೋಟಾ ರಾಜ್ಯದ ಯಾಂಕ್ಟನ್ ಪಟ್ಟಣದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಸೇವೆಗೆ ಸೇರಿದರು. ಹೃದ್ರೋಗ ಕ್ಷೇತ್ರದಲ್ಲಿ ಅಭ್ಯಾಸ ಮಾಡಿದ್ದ ಅವರು ಮನೋವೈದ್ಯಶಾಸ್ತ್ರವನ್ನು ಅಲ್ಲಿನ ರೋಗಿಗಳ ನಡುವೆಯೇ ಕಲಿತುಕೊಂಡರು.

ಮಕ್ಕಳ ಸೇವೆ

1928ರಲ್ಲಿ ಅವರು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದು ಖ್ಯಾತ ಮನೋವೈದ್ಯ ಅಡಾಲ್ಫ್ ಮೇಯರ್ ಅವರ ಬಳಿ ತರಬೇತಿ ಪಡೆದರು. 1930ರಲ್ಲಿ ಅದೇ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವನ್ನು ಸ್ಥಾಪಿಸಿದರು. 1935ರಲ್ಲಿ ಈ ವಿಷಯದ ಮೇಲೆ ಇಂಗ್ಲಿಷ್ ಭಾಷೆಯ ಪ್ರಥಮ ಪಠ್ಯಪುಸ್ತಕವನ್ನು ಪ್ರಕಟಿಸಿದರು. ನಾಜಿ ಆಡಳಿತದ ಕಿರುಕುಳಕ್ಕೆ ಒಳಗಾದ ಅನೇಕ ಯಹೂದಿ ವೈದ್ಯರು ಅಮೆರಿಕದಲ್ಲಿ ನೆಲೆ ಕಂಡುಕೊಳ್ಳಲು ಅವರು ನೆರವಾದರು.

1943ರ ಅಧ್ಯಯನ

1943ರಲ್ಲಿ ಕ್ಯಾನರ್ ಅವರು 8 ಗಂಡು ಮತ್ತು 3 ಹೆಣ್ಣು, ಒಟ್ಟು 11 ಮಕ್ಕಳ ವಿವರಗಳನ್ನು ಒಳಗೊಂಡ ಲೇಖನವನ್ನು ಪ್ರಕಟಿಸಿದರು. ಈ ಮಕ್ಕಳು ಇತರರೊಡನೆ ಬೆರೆಯುತ್ತಿರಲಿಲ್ಲ. ಎಲ್ಲವೂ ಒಂದೇ ರೀತಿಯಲ್ಲಿರಬೇಕೆಂದು ಹಟ ಹಿಡಿಯುತ್ತಿದ್ದರು. ಮಾತನ್ನು ವಿಚಿತ್ರ ರೀತಿಯಲ್ಲಿ ಬಳಸುತ್ತಿದ್ದರು ಅಥವಾ ಮಾತನಾಡುತ್ತಲೇ ಇರಲಿಲ್ಲ. ಅವರಲ್ಲಿ ಕೆಲವರಿಗೆ ಸ್ಕಿಜೋಫ್ರೇನಿಯಾ ಇದೆಯೆಂದು ಈ ಮೊದಲು ಭಾವಿಸಲಾಗಿತ್ತು.

ತೊಂದರೆಯು ಯಾವಾಗ ಪ್ರಾರಂಭವಾಯಿತು ಎಂಬ ಅಂಶಕ್ಕೆ ಕ್ಯಾನರ್ ಅವರು ವಿಶೇಷ ಗಮನ ನೀಡಿದರು. ಸ್ಕಿಜೋಫ್ರೇನಿಯಾದಲ್ಲಿ ಮಗುವು ಅದುವರೆಗೆ ಬೆರೆಯುತ್ತಿದ್ದ ಲೋಕದಿಂದ ಕ್ರಮೇಣ ಹಿಂದೆ ಸರಿಯುತ್ತದೆ. ಈ ಮಕ್ಕಳಲ್ಲಿಯಾದರೋ ಆ ಒಂಟಿತನವು ಶೈಶವದಿಂದಲೇ ಕಂಡುಬಂದಿತ್ತು. ಆದಾಗ್ಯೂ ಈ ಸ್ಥಿತಿಗೆ ಅವರು ಆರಿಸಿಕೊಂಡ ಆಟಿಸಂ ಎಂಬ ಪದವು, ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ಅವರು ಸ್ಕಿಜೋಫ್ರೇನಿಯಾದ ಲಕ್ಷಣವೊಂದಕ್ಕೆ ಬಳಸಿದ್ದ ಪದವೇ ಆಗಿತ್ತು. 1949ರಲ್ಲಿ ಕ್ಯಾನರ್ ಅವರೇ ಆಟಿಸಂ ಅನ್ನು ಸ್ಕಿಜೋಫ್ರೇನಿಯಾದ ಅತ್ಯಂತ ಮೊದಲ ರೂಪವೆಂದು ಪರಿಗಣಿಸಲು ಒಲವು ತೋರಿದರು. ಇದರಿಂದ ಗೊಂದಲವು ಹಲವು ವರ್ಷ ಮುಂದುವರಿಯಿತು.

ತಪ್ಪು ಮತ್ತು ತಿದ್ದುಪಡಿ

ಅದೇ ಅವಧಿಯ ಬರಹಗಳಲ್ಲಿ ಅವರು ಈ ಮಕ್ಕಳ ತಂದೆತಾಯಿಯರಲ್ಲಿ ವಾತ್ಸಲ್ಯದ ಕೊರತೆಯಿದೆ ಎಂದು ಅಭಿಪ್ರಾಯಪಟ್ಟಿದ್ದರು. ಸ್ಥಿತಿಯು ಹುಟ್ಟಿನಿಂದಲೇ ಬರುವುದೆಂದು 1943ರಲ್ಲಿ ಸೂಚಿಸಿದ್ದವರೂ ಅವರೇ. ಆದರೆ ಸಮಾಜವು ಹಿಡಿದುಕೊಂಡದ್ದು ತಂದೆತಾಯಿಯರ ಮೇಲಿನ ಆಪಾದನೆಯನ್ನು. ಮಗುವಿನ ಸ್ಥಿತಿಗೆ ತಾವೇ ಕಾರಣರೆಂಬ ಕೊರಗಿನಲ್ಲಿ ಅನೇಕ ತಾಯಂದಿರು ನೊಂದರು. 1969ರಲ್ಲಿ ಆಟಿಸಂ ಇರುವ ಮಕ್ಕಳ ಪೋಷಕರ ಸಂಘವು ಅಮೆರಿಕದಲ್ಲಿ ನಡೆಸಿದ ಸಮ್ಮೇಳನದಲ್ಲಿ ಕ್ಯಾನರ್ ಅವರು ಪೋಷಕರು ದೋಷಿಗಳಲ್ಲವೆಂದು ಬಹಿರಂಗವಾಗಿ ಘೋಷಿಸಿದರು.

ನಂತರದ ಸಂಶೋಧನೆ

1971ರಲ್ಲಿ ಆಟಿಸಂ ಮತ್ತು ಬಾಲ್ಯದ ಸ್ಕಿಜೋಫ್ರೇನಿಯಾ ಕುರಿತ ವೈದ್ಯಕೀಯ ನಿಯತಕಾಲಿಕೆಯೊಂದು ಕ್ಯಾನರ್ ಅವರ ಸಂಪಾದಕತ್ವದಲ್ಲಿ ಆರಂಭವಾಯಿತು. ಅದೇ ವರ್ಷ ಅವರು ಹಿಂದಿನ 11 ಮಕ್ಕಳ ಮುಂದಿನ ಜೀವನದ ವಿವರಗಳನ್ನು ಪ್ರಕಟಿಸಿದರು. ಆ ವರ್ಷವೇ ಇಂಗ್ಲೆಂಡಿನ ಇಸ್ರೇಲ್ ಕೋಲ್ವಿನ್ ಅವರು, ಮೂರು ವರ್ಷದೊಳಗೆ ತೊಂದರೆ ಕಾಣಿಸಿಕೊಂಡ ಮಕ್ಕಳೂ, ಐದು ವರ್ಷದ ನಂತರ ಕಾಣಿಸಿಕೊಂಡ ಮಕ್ಕಳೂ ಎರಡು ಬೇರೆ ಗುಂಪುಗಳೆಂದು ತೋರಿಸಿಕೊಟ್ಟರು. ಇಲ್ಲದ ಧ್ವನಿಗಳು ಕೇಳಿಸುವುದು ಮುಖ್ಯವಾಗಿ ಎರಡನೆಯ ಗುಂಪಿನಲ್ಲಿತ್ತು. 1979ರಲ್ಲಿ ನಿಯತಕಾಲಿಕೆಯ ಹೆಸರಿನಿಂದ ಸ್ಕಿಜೋಫ್ರೇನಿಯಾ ಎಂಬ ಪದವನ್ನು ಕೈಬಿಡಲಾಯಿತು. 1980ರಲ್ಲಿ ಅಮೆರಿಕದ ಮನೋರೋಗಗಳ ಅಧಿಕೃತ ಪಟ್ಟಿಯಲ್ಲಿ ಆಟಿಸಂಗೆ ಪ್ರತ್ಯೇಕ ಸ್ಥಾನ ದೊರೆಯಿತು. ಇದನ್ನು ಕಂಡ ಮರುವರ್ಷ, 1981ರ ಏಪ್ರಿಲ್ 3ರಂದು, ಕ್ಯಾನರ್ ಅವರು ಮೇರಿಲ್ಯಾಂಡ್ ರಾಜ್ಯದಲ್ಲಿ ನಿಧನ ಹೊಂದಿದರು.

ಹದಿಮೂರು ವರ್ಷಕ್ಕೆ ಮೊದಲೇ ಪ್ರಾರಂಭವಾಗುವ ಸ್ಕಿಜೋಫ್ರೇನಿಯಾ ಅತಿ ವಿರಳವೆಂದು ಈಗ ತಿಳಿದಿದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯು 1990ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ, ಈ ರೋಗವಿದೆಯೆಂದು ಕಳುಹಿಸಲಾದ ಮಕ್ಕಳಲ್ಲಿ ಹೆಚ್ಚಿನವರಿಗೆ ಬೇರೆ ತೊಂದರೆಯಿರುವುದು ಕೂಲಂಕಷ ಪರೀಕ್ಷೆಯಿಂದ ಕಂಡುಬಂದಿತು. ಕೆಲವು ಮಕ್ಕಳಲ್ಲಿ ಆಟಿಸಂ ಮತ್ತು ಸ್ಕಿಜೋಫ್ರೇನಿಯಾ ಎರಡೂ ಇರುವುದುಂಟು.

ಪೋಷಕರ ಗಮನಕ್ಕೆ

ಭಾರತದಲ್ಲಿ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಆಟಿಸಂ ಮತ್ತು ಮಾನಸಿಕ ಅಸ್ವಸ್ಥತೆಯನ್ನು ಪ್ರತ್ಯೇಕವಾಗಿ ನಮೂದಿಸಲಾಗಿದೆ. ಆದುದರಿಂದ ಮಗುವು ಮಾತು ಕಲಿತ ವಯಸ್ಸು, ಇತರರೊಡನೆ ಬೆರೆಯುತ್ತಿದ್ದ ರೀತಿ ಹಾಗೂ ಬದಲಾವಣೆ ಮೊದಲು ಕಂಡ ಕಾಲ ಇವುಗಳನ್ನು ಪೋಷಕರು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸುವುದು ಸೂಕ್ತ. ಕ್ಯಾನರ್ ಅವರ ಸಂಶೋಧನೆಯು ನಿಂತಿದ್ದುದೂ ತಂದೆತಾಯಿಯರು ನೀಡಿದ ಇಂತಹ ವಿವರಗಳ ಮೇಲೆಯೇ.