ವಿದ್ವತ್ ವಿನಿಮಯದ ಎರಡು ದಿಕ್ಕುಗಳು: ಎ.ಕೆ. ರಾಮಾನುಜನ್ ಅವರ ಬದುಕು

1

ಎರಡನೆಯ ಮಹಾಯುದ್ಧದ ನಂತರ ವಿಶ್ವವಿದ್ಯಾಲಯಗಳ ನಡುವೆ ವಿದ್ಯಾರ್ಥಿಗಳ ಹಾಗೂ ಅಧ್ಯಾಪಕರ ಅಂತರರಾಷ್ಟ್ರೀಯ ವಿನಿಮಯವು ವ್ಯವಸ್ಥಿತ ರೂಪವನ್ನು ಪಡೆಯಿತು. 1946ರಲ್ಲಿ ಅಮೆರಿಕದ ಸಂಸತ್ತು ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ ಅವರ ಮಸೂದೆಯನ್ನು ಅಂಗೀಕರಿಸಿತು. ಯುದ್ಧದ ನಂತರ ಹೊರದೇಶಗಳಲ್ಲಿ ಉಳಿದಿದ್ದ ಅಮೆರಿಕದ ಸರಕುಸಾಮಗ್ರಿಗಳನ್ನು ಮಾರಿ ಬಂದ ಹಣವನ್ನು ವಿದ್ವತ್ ವಿನಿಮಯಕ್ಕೆ ಬಳಸುವುದು ಅದರ ಮೂಲ ಯೋಜನೆ. ಭಾರತವು 1950ರ ಫೆಬ್ರವರಿಯಲ್ಲಿ ಈ ಒಪ್ಪಂದಕ್ಕೆ ಸಹಿ ಹಾಕಿತು. ಹೋದವರು ಕಲಿತು ಅಥವಾ ಕಲಿಸಿ ತಮ್ಮ ನಾಡಿಗೆ ಮರಳಬೇಕು, ಗಳಿಸಿದ ಅರಿವು ಅಲ್ಲಿನ ಸಮಾಜಕ್ಕೆ ಸಲ್ಲಬೇಕು ಎಂಬುದು ಇಂತಹ ಯೋಜನೆಗಳ ಹಿಂದಿನ ನಂಬಿಕೆ. ಆದ್ದರಿಂದ ವಿನಿಮಯದ ಯಶಸ್ಸನ್ನು ಸಾಮಾನ್ಯವಾಗಿ ವ್ಯಕ್ತಿಯ ಮರಳುವಿಕೆಯಿಂದಲೇ ಅಳೆಯಲಾಗುತ್ತದೆ. ಮರಳದಿದ್ದವರ ಪಾಲಿಗೆ ಪ್ರತಿಭಾ ಪಲಾಯನವೆಂಬ ಹೆಸರು ಸಿದ್ಧವಾಗಿರುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ, 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ತೆರಳಿ ಮೂರು ದಶಕಗಳಿಗೂ ಹೆಚ್ಚು ಕಾಲ ಅಲ್ಲೇ ನೆಲೆಸಿದ ಎ.ಕೆ. ರಾಮಾನುಜನ್ ಅವರನ್ನು ನಷ್ಟದ ಪಟ್ಟಿಗೆ ಸೇರಿಸಬೇಕಾಗುತ್ತದೆ. ಆದರೆ ಅವರ ಬದುಕಿನ ವಿವರಗಳು ಈ ತೀರ್ಮಾನವನ್ನು ಸುಲಭವಾಗಿ ಒಪ್ಪುವುದಿಲ್ಲ. ವ್ಯಕ್ತಿ ಮರಳದಿದ್ದರೂ ಭಾಷೆ, ಪಠ್ಯ, ಕಥೆಗಳು ಎರಡು ದಿಕ್ಕಿನಲ್ಲೂ ಸಂಚರಿಸಿದ ಬಗೆಯನ್ನು ಆ ಬದುಕಿನ ಮೂಲಕ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್ ಅವರು 1929ರ ಮಾರ್ಚ್ 16ರಂದು ಮೈಸೂರಿನಲ್ಲಿ ಜನಿಸಿದರು. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ. ತಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಖಗೋಳ ವಿಜ್ಞಾನ ಹಾಗೂ ಜ್ಯೋತಿಷ್ಯ ಎರಡರಲ್ಲೂ ಆಸಕ್ತರಾಗಿದ್ದ ಅವರು ಮಹಡಿಯ ಕೋಣೆಯಲ್ಲಿ ಮಕ್ಕಳೊಡನೆ ಇಂಗ್ಲಿಷ್ ಆಡುತ್ತಿದ್ದರು. ಹೀಗೆ ಮೂರು ಭಾಷೆಗಳು ಒಂದೇ ಮನೆಯ ಮೇಲೆ, ಕೆಳಗೆ, ಹೊರಗೆ ಹಂಚಿಹೋಗಿದ್ದ ವಾತಾವರಣವು ಮುಂದಿನ ಅನುವಾದಕನಿಗೆ ಮೊದಲ ಪಾಠಶಾಲೆಯಾಯಿತು. ಅಡುಗೆಮನೆಯಲ್ಲಿ ಕೇಳಿದ ಅಜ್ಜಿಕಥೆಗಳಿಗೂ ಮಹಡಿಯ ಗ್ರಂಥಗಳಿಗೂ ನಡುವಿನ ಮೆಟ್ಟಿಲುಗಳನ್ನು ಹತ್ತಿಳಿಯುವುದು ಅವರಿಗೆ ಬಾಲ್ಯದಲ್ಲೇ ರೂಢಿಯಾಗಿತ್ತು.

ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ 1949ರಲ್ಲಿ ಬಿ.ಎ. ಆನರ್ಸ್ ಪಡೆದ ರಾಮಾನುಜನ್ ಅವರು ಕೊಲ್ಲಂ, ಮದುರೆ, ಬೆಳಗಾವಿ ಹಾಗೂ ಬರೋಡಾಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ದುಡಿದರು. ಇವುಗಳಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನ ವರ್ಷಗಳು ವಿಶೇಷ ಮಹತ್ವದವು. ಹಳೆಯ ಮೈಸೂರಿನ ಕನ್ನಡವಷ್ಟೇ ಪರಿಚಿತವಾಗಿದ್ದ ಅವರಿಗೆ ಉತ್ತರ ಕರ್ನಾಟಕದ ಮೌಖಿಕ ಲೋಕವು ತೆರೆದುಕೊಂಡದ್ದು ಇಲ್ಲಿ. 1955ರಲ್ಲಿ ಗಾದೆಗಳನ್ನು ಕುರಿತ ಅವರ ಕನ್ನಡ ಪುಸ್ತಿಕೆಯನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಪ್ರಕಟಿಸಿತು. ಇದೇ ಅವಧಿಯಲ್ಲಿ ಅವರು ಕಿತ್ತೂರು ಮೊದಲಾದೆಡೆ ಹೆಂಗಸರು ಹೇಳುತ್ತಿದ್ದ ಕಥೆಗಳನ್ನು ಬರೆದುಕೊಳ್ಳತೊಡಗಿದರು. ಇಂಗ್ಲಿಷ್ ಅಧ್ಯಾಪಕನ ವೃತ್ತಿಗೆ ಈ ಸಂಗ್ರಹದಿಂದ ಯಾವ ಪ್ರಯೋಜನವೂ ಇರಲಿಲ್ಲ. ಅದಕ್ಕೆ ತಕ್ಕ ಶಾಸ್ತ್ರೀಯ ನೆಲೆ ಆಗಿನ ಭಾರತೀಯ ಇಂಗ್ಲಿಷ್ ವಿಭಾಗಗಳಲ್ಲಿ ದೊರೆಯುವಂತಿರಲಿಲ್ಲ.

ಆ ನೆಲೆಯ ಹುಡುಕಾಟವು 1958ರಲ್ಲಿ ಅವರನ್ನು ಪುಣೆಯ ಡೆಕ್ಕನ್ ಕಾಲೇಜಿಗೆ ಕರೆತಂದಿತು. ಎಸ್.ಎಂ. ಕತ್ರೆ ಅವರ ನೇತೃತ್ವದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಅಲ್ಲಿ ನಡೆಯುತ್ತಿದ್ದ ಭಾಷಾವಿಜ್ಞಾನ ಶಿಬಿರಗಳಿಗೆ ಅಮೆರಿಕದ ಅಧ್ಯಾಪಕರು ಬಂದು ಕಲಿಸುತ್ತಿದ್ದರು. ಭಾರತೀಯ ಭಾಷೆಗಳನ್ನು ಬಲ್ಲ ತರುಣರು ಆ ಶಿಬಿರಗಳಲ್ಲಿ ಹೊಸ ವಿಧಾನವನ್ನು ಕಲಿತರು. ಕಲಿಸಲು ಬಂದವರಿಗೆ ಆ ತರುಣರ ಭಾಷೆಗಳೇ ಅಧ್ಯಯನ ಸಾಮಗ್ರಿಯಾದವು. ರಾಮಾನುಜನ್ ಅವರ ಪಾಲಿಗೆ ವಿದ್ವತ್ ವಿನಿಮಯವು ಹಡಗು ಹತ್ತುವುದಕ್ಕೆ ಮೊದಲೇ, ಪುಣೆಯಲ್ಲಿಯೇ ಆರಂಭವಾಗಿತ್ತೆಂದು ಹೇಳಬಹುದು.

3

1959ರ ಜುಲೈಯಲ್ಲಿ, ಮೂವತ್ತರ ಹರೆಯದಲ್ಲಿ, ಅವರು ಮುಂಬಯಿಯಿಂದ ಹಡಗಿನಲ್ಲಿ ಹೊರಟು ಬ್ಲೂಮಿಂಗ್ಟನ್‌ನ ಇಂಡಿಯಾನ ವಿಶ್ವವಿದ್ಯಾಲಯವನ್ನು ಸೇರಿದರು. ಜಾನಪದದಲ್ಲಿ ಡಾಕ್ಟರೇಟ್ ವ್ಯಾಸಂಗವನ್ನು ಅಮೆರಿಕದಲ್ಲಿ ಮೊದಲು ಆರಂಭಿಸಿದ ವಿಶ್ವವಿದ್ಯಾಲಯವದು. ಭಾಷಾವಿಜ್ಞಾನದ ವಿದ್ಯಾರ್ಥಿಯಾಗಿದ್ದ ರಾಮಾನುಜನ್ ಅವರು ತಮ್ಮ ಸಂಶೋಧನೆಗೆ ಆರಿಸಿಕೊಂಡದ್ದು ಕನ್ನಡವನ್ನು. ಚಾಮ್‌ಸ್ಕಿಯವರ ಹೊಸ ಸಿದ್ಧಾಂತ ಪ್ರಕಟವಾಗಿ ಕೆಲವೇ ವರ್ಷಗಳಾಗಿದ್ದಾಗ, ಆ ಮಾದರಿಯಲ್ಲಿ ಕನ್ನಡದ ವ್ಯಾಕರಣವನ್ನು ನಿರೂಪಿಸಿದ ಅವರ ಪ್ರಬಂಧಕ್ಕೆ 1963ರಲ್ಲಿ ಪಿಎಚ್.ಡಿ. ದೊರೆಯಿತು.

ಅಷ್ಟರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಅಗತ್ಯಗಳೂ ಬದಲಾಗಿದ್ದವು. 1957ರಲ್ಲಿ ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ್ದರ ಪರಿಣಾಮವಾಗಿ, ಮರುವರ್ಷವೇ ಅಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ಜಾರಿಗೆ ಬಂದಿತು. ಏಷ್ಯಾದ ಭಾಷೆಗಳ ಬೋಧನೆಗೆ ಸರ್ಕಾರದ ಹಣ ಹರಿಯತೊಡಗಿತು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮಿಲ್ಟನ್ ಸಿಂಗರ್, ಎಡ್ವರ್ಡ್ ಡಿಮಾಕ್ ಮೊದಲಾದವರು ದಕ್ಷಿಣ ಏಷ್ಯಾ ಅಧ್ಯಯನವನ್ನು ಕಟ್ಟುತ್ತಿದ್ದರು. ರಾಮಾನುಜನ್ ಅವರು 1961ರಲ್ಲಿ ಅಲ್ಲಿಗೆ ಬಂದದ್ದು ತಮಿಳಿನ ಸಂಶೋಧನ ಸಹಾಯಕರಾಗಿ. 1962ರಲ್ಲಿ ಸಹಾಯಕ ಪ್ರಾಧ್ಯಾಪಕರಾದರು, 1968ರಲ್ಲಿ ಪ್ರಾಧ್ಯಾಪಕರಾದರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅವರಿಗೆ ಕರೆ ಬಂದುದು ಶೀತಲ ಸಮರದ ರಾಜಕಾರಣವು ತೆರೆದ ಬಾಗಿಲಿನಿಂದ. ಯಾವ ಭಾಷೆ ಬೇಕು, ಎಷ್ಟು ಬೇಕು, ಯಾವ ಉದ್ದೇಶಕ್ಕೆ ಬೇಕು ಎಂಬುದನ್ನು ನಿರ್ಧರಿಸಿದವರು ಹಣ ಕೊಟ್ಟವರು. ಎರಡನೆಯದು, ಸಂಸ್ಥೆ ಅವರನ್ನು ಕರೆದದ್ದು ಕನ್ನಡಕ್ಕಲ್ಲ. ಕನ್ನಡವು ಆ ವಿದ್ವತ್ ವಲಯವನ್ನು ಪ್ರವೇಶಿಸಿದ್ದು ವ್ಯಕ್ತಿಯೊಬ್ಬನ ಒಲವಿನಿಂದ. ವಿನಿಮಯವು ಸಮಾನರ ನಡುವಿನ ಕೊಡುಕೊಳೆಯಾಗಿರಲಿಲ್ಲ ಎಂಬುದನ್ನು ಮರೆತು ಮುಂದಿನ ಸಾಧನೆಗಳನ್ನು ಕೊಂಡಾಡುವುದು ಸರಿಯಾಗಲಾರದು.

4

1962ರ ಒಂದು ಶನಿವಾರ ರಾಮಾನುಜನ್ ಅವರು ಹಳಗನ್ನಡದಷ್ಟೇ ತಮಗೆ ದೂರವಾಗಿದ್ದ ಹಳೆಯ ತಮಿಳಿನ ಪ್ರಾಥಮಿಕ ವ್ಯಾಕರಣವೊಂದನ್ನು ಹುಡುಕುತ್ತ ಶಿಕಾಗೋದ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಯು.ವಿ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ ಸಂಗಂ ಸಂಕಲನ 'ಕುರುಂತೊಗೈ'. ತಮಿಳು ಮನೆಯಲ್ಲಿ ಹುಟ್ಟಿ, ಮದುರೆಯಲ್ಲಿ ಪಾಠ ಹೇಳಿಯೂ ಪರಿಚಯವಾಗದಿದ್ದ ಪ್ರಾಚೀನ ಕಾವ್ಯವು ಪರದೇಶದ ನೆಲಮಾಳಿಗೆಯಲ್ಲಿ ದಕ್ಕಿತು. ಪರಂಪರೆಯು ಹುಟ್ಟಿನಿಂದ ತಾನಾಗಿ ಬರುವ ಆಸ್ತಿಯಲ್ಲ, ದುಡಿದು ಗಳಿಸಿಕೊಳ್ಳಬೇಕಾದದ್ದು ಎಂಬ ಅರಿವು ಅವರಲ್ಲಿ ಗಟ್ಟಿಯಾದದ್ದು ಈ ಪ್ರಸಂಗದಿಂದ. ಅದರ ಮೊದಲ ಫಲ 1967ರ ಅನುವಾದ ಸಂಕಲನ 'ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್'.

ಗ್ರಂಥಾಲಯಗಳ ಈ ಪಾತ್ರ ಆಕಸ್ಮಿಕವಾದುದಲ್ಲ. ಅಮೆರಿಕವು ಭಾರತಕ್ಕೆ ಗೋಧಿ ಮಾರಿ ಪಡೆದ ರೂಪಾಯಿಗಳ ಒಂದು ಭಾಗದಿಂದ, 1962ರ ನಂತರ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ವಿಶ್ವವಿದ್ಯಾಲಯಗಳಿಗೆ ರವಾನಿಸಿತು. ಪಿ.ಎಲ್. 480 ಎಂಬ ಹೆಸರಿನಿಂದ ಪರಿಚಿತವಾದ ಈ ವ್ಯವಸ್ಥೆಯಿಂದ ಕನ್ನಡದ ಕಾದಂಬರಿ, ಕವನ ಸಂಕಲನ, ಸಂಶೋಧನ ಗ್ರಂಥಗಳೂ ಸಾಗರ ದಾಟಿದವು. ಪುಸ್ತಕಗಳು ಕಪಾಟು ಸೇರಿದ ಮಾತ್ರಕ್ಕೆ ಓದುಗರು ಹುಟ್ಟುವುದಿಲ್ಲ. ಓದಿಸಬಲ್ಲ ಅಧ್ಯಾಪಕನೂ ಬೇಕು. ರಾಮಾನುಜನ್ ಅವರು ನಿರ್ವಹಿಸಿದ್ದು ಈ ಕೆಲಸವನ್ನು.

1973ರಲ್ಲಿ ಪೆಂಗ್ವಿನ್ ಪ್ರಕಟಿಸಿದ 'ಸ್ಪೀಕಿಂಗ್ ಆಫ್ ಶಿವ' ಈ ದೃಷ್ಟಿಯಿಂದ ಮುಖ್ಯ ಘಟ್ಟ. ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳು ಇಂಗ್ಲಿಷ್ ಓದುಗರಿಗೆ ಕಾವ್ಯವಾಗಿಯೇ ತಲುಪಿದವು. ಭಕ್ತಿಯನ್ನು ಸಂಸ್ಕೃತದ ಮೂಲಕ ಮಾತ್ರ ನೋಡುತ್ತಿದ್ದ ಭಾರತಶಾಸ್ತ್ರಜ್ಞರು ಹನ್ನೆರಡನೆಯ ಶತಮಾನದ ಕನ್ನಡದತ್ತ ತಿರುಗುವಂತಾಯಿತು. ಈ ಅನುವಾದಗಳು ವಚನಗಳನ್ನು ಆಧುನಿಕ ಭಾವಗೀತೆಗಳಂತೆ ರೂಪಿಸಿದವು ಎಂಬ ಆಕ್ಷೇಪವನ್ನು ತೇಜಸ್ವಿನಿ ನಿರಂಜನ ಅವರಂತಹ ವಿಮರ್ಶಕರು ಮುಂದೆ ಎತ್ತಿದರು. ಆ ಚರ್ಚೆಯೇ ವಚನಾನುವಾದವನ್ನು ಗಂಭೀರ ಅಧ್ಯಯನದ ವಸ್ತುವನ್ನಾಗಿಸಿತು.

1976ರಲ್ಲಿ ಪ್ರಕಟವಾದ 'ಸಂಸ್ಕಾರ'ದ ಅನುವಾದವು ವಿನಿಮಯದ ಇನ್ನೊಂದು ಮುಖವನ್ನು ತೋರುತ್ತದೆ. ಯು.ಆರ್. ಅನಂತಮೂರ್ತಿ ಅವರು ಆ ಕಾದಂಬರಿಯನ್ನು ಬರೆದದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. 1966ರಲ್ಲಿ ಪದವಿ ಪಡೆದು ಅವರು ಮೈಸೂರಿಗೆ ಮರಳಿದರು. ಹೋಗಿ ಮರಳಿದವನ ಕೃತಿಯನ್ನು ಹೋಗಿ ಉಳಿದವನು ಅನುವಾದಿಸಿದನು. ಮಲೆನಾಡಿನ ಅಗ್ರಹಾರದ ಕಥೆ ಜಗತ್ತಿಗೆ ತಲುಪಲು ಇಬ್ಬರೂ ಬೇಕಾಗಿದ್ದರು.

ಇದೇ ಅವಧಿಯಲ್ಲಿ ರಾಮಾನುಜನ್ ಅವರ ಸ್ವಂತ ಕನ್ನಡ ಬರವಣಿಗೆಯೂ ಬೆಳೆಯಿತು. 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂದಿತು. 'ಮತ್ತು ಇತರ ಕವಿತೆಗಳು' 1977ರಲ್ಲಿ, 'ಮತ್ತೊಬ್ಬನ ಆತ್ಮಚರಿತ್ರೆ' 1978ರಲ್ಲಿ, 'ಕುಂಟೋಬಿಲ್ಲೆ' 1990ರಲ್ಲಿ ಪ್ರಕಟವಾದವು. ಇಂಗ್ಲಿಷ್ ಪರಿಸರದಲ್ಲಿದ್ದೂ ಅವರು ಕನ್ನಡ ಲೇಖಕರಾಗಿ ಮುಂದುವರಿದರು, ನವ್ಯದ ಓದುಗರು ಅವರನ್ನು ತಮ್ಮವರೆಂದೇ ಎಣಿಸಿದರು.

5

ಬೆಳಗಾವಿಯ ಕಾಲದಲ್ಲಿ ಬರೆದುಕೊಂಡ ಜನಪದ ಕಥೆಗಳು ಶಿಕಾಗೋದಲ್ಲಿ ಹೊಸ ಬೆಳಕಿಗೆ ಬಂದವು. ಕಿತ್ತೂರಿನಲ್ಲಿ ಸಂಗ್ರಹಿಸಿದ 'ಹಂಚಿ'ಯ ಕಥೆಯನ್ನು ಅವರು ಯುರೋಪಿನ ಸಿಂಡರೆಲಾ ಕಥೆಯ ಎದುರಿಗಿಟ್ಟರು. ಮಗನನ್ನೇ ಅರಿಯದೆ ಮದುವೆಯಾಗುವ ಹೆಣ್ಣಿನ ಕನ್ನಡ ಕಥೆಯನ್ನು ಮುಂದಿಟ್ಟುಕೊಂಡು ಫ್ರಾಯ್ಡ್‌ನ ಈಡಿಪಸ್ ಸಿದ್ಧಾಂತವನ್ನು ಮರುಪರಿಶೀಲಿಸಿದರು. ಗ್ರೀಕ್ ಕಥೆಯಲ್ಲಿ ಮಗನ ದೃಷ್ಟಿಯೇ ಪ್ರಧಾನವಾಗಿದ್ದರೆ ಕನ್ನಡ ಕಥೆಯಲ್ಲಿ ತಾಯಿಯ ದೃಷ್ಟಿ ಪ್ರಧಾನವಾಗಿದೆ ಎಂಬುದು ಅವರ ಮುಖ್ಯ ಶೋಧ. ಪಶ್ಚಿಮದ ಸಿದ್ಧಾಂತಕ್ಕೆ ಪೂರ್ವದ ಸಾಮಗ್ರಿ ಎಂಬ ರೂಢಿಯ ಹಂಚಿಕೆ ಇಲ್ಲಿ ತಲೆಕೆಳಗಾಯಿತು. ಉತ್ತರ ಕರ್ನಾಟಕದ ಕಥೆಗಾರ್ತಿಯ ನಿರೂಪಣೆ ಸಿದ್ಧಾಂತವನ್ನು ಪ್ರಶ್ನಿಸುವ ಸ್ಥಾನಕ್ಕೆ ಏರಿತು.

ಕನ್ನಡ ಲೇಖಕರು ಶಿಕಾಗೋಗೆ ಬಂದುಹೋಗುವ ಪರಿಪಾಠವೂ ಬೆಳೆಯಿತು. ಚಂದ್ರಶೇಖರ ಕಂಬಾರರು 1968-69ರಲ್ಲಿ ಅಲ್ಲಿ ಪಾಠ ಹೇಳಿ ಮರಳಿದರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಗಿರೀಶ ಕಾರ್ನಾಡರು 1987-88ರಲ್ಲಿ ಫುಲ್‌ಬ್ರೈಟ್ ನೆರವಿನ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದಾಗ, ರಾಮಾನುಜನ್ ಅವರಿಂದ ಕೇಳಿದ ಎರಡು ಕನ್ನಡ ಕಥೆಗಳಿಂದ 'ನಾಗಮಂಡಲ' ನಾಟಕ ರೂಪುಗೊಂಡಿತು. ಅವುಗಳಲ್ಲೊಂದು, ತನಗೆ ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ಹೆಂಗಸಿನ ಮೇಲೆ ಆ ಕಥೆ, ಹಾಡುಗಳೇ ಸೇಡು ತೀರಿಸಿಕೊಳ್ಳುವ ಕಥೆ. ಹೂಬಿಡುವ ಮರವಾಗುವ ಹೆಣ್ಣಿನ ಕಥೆಯನ್ನಾಧರಿಸಿ ಕಾರ್ನಾಡರು 1992ರಲ್ಲಿ 'ಚೆಲುವಿ' ಚಿತ್ರವನ್ನು ನಿರ್ದೇಶಿಸಿದರು. ಅದೇ ಕಥೆ 2006ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ಅವರ ಆಪೆರಾ ಆಗಿ ವಿಯೆನ್ನಾದಲ್ಲಿ ಪ್ರದರ್ಶನಗೊಂಡಿತು.

6

1976ರಲ್ಲಿ ಪದ್ಮಶ್ರೀ, 1983ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ರಾಮಾನುಜನ್ ಅವರಿಗೆ ಸಂದವು. ವಿಸ್ಕಾನ್ಸಿನ್, ಬರ್ಕ್ಲಿ, ಮಿಶಿಗನ್ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದ ಅವರು 1993ರ ಜುಲೈ 13ರಂದು ಶಿಕಾಗೋದಲ್ಲಿ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ನಿಧನರಾದರು. ಆಗ ಅವರಿಗೆ 64 ವರ್ಷ. ಅವರ ಹಸ್ತಪ್ರತಿ, ದಿನಚರಿ, ಟಿಪ್ಪಣಿಗಳು ಶಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಬೆಳಗಾವಿ ಸೀಮೆಯ ಕಥೆಗಾರ್ತಿಯರನ್ನು ಅವರು ಕೇಳಿಸಿಕೊಂಡ ಬಗೆಯನ್ನು ಅರಿಯಬಯಸುವ ಕನ್ನಡದ ಸಂಶೋಧಕ ಶಿಕಾಗೋದ ದಾರಿ ಹಿಡಿಯಬೇಕಾಗುತ್ತದೆ. ವಿನಿಮಯದ ಅಸಮಾನತೆಗೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಮರಳಿ ಬಂದ ಅರಿವಿಗೂ ಎಲ್ಲೆಡೆ ಸ್ವಾಗತ ದೊರೆಯಲಿಲ್ಲ. ರಾಮಾಯಣದ ಹಲವು ಕಥನಗಳನ್ನು ಕುರಿತ ಅವರ ಪ್ರಬಂಧದಲ್ಲಿ ಕನ್ನಡದ ಜನಪದ ರಾಮಾಯಣಕ್ಕೆ ಪ್ರಮುಖ ಸ್ಥಾನವಿದೆ. ರಾವುಳನ ಸೀನಿನಿಂದ ಸೀತೆ ಹುಟ್ಟುವ ಅದರ ಕಲ್ಪನೆ ಕನ್ನಡದ ಶಬ್ದಶ್ಲೇಷೆಯನ್ನು ಆಧರಿಸಿದ್ದು. 1987ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಚಾರಸಂಕಿರಣಕ್ಕಾಗಿ ಸಿದ್ಧವಾದ ಈ ಬರಹವು ದೆಹಲಿ ವಿಶ್ವವಿದ್ಯಾಲಯದ ಇತಿಹಾಸ ಪಠ್ಯದಲ್ಲಿ ಸೇರಿತ್ತು. ವಿರೋಧಗಳ ಬಳಿಕ 2011ರಲ್ಲಿ ಅದನ್ನು ಕೈಬಿಡಲಾಯಿತು. ವ್ಯಕ್ತಿಗಳು ಬಂದುಹೋಗಲು ಅನುಮತಿ ನೀಡುವ ಸಂಸ್ಥೆಗಳು ಅವರು ತರುವ ವಿಚಾರಗಳಿಗೂ ಜಾಗ ಕೊಡಲು ಸಿದ್ಧವಿವೆಯೇ ಎಂಬ ಪ್ರಶ್ನೆಯನ್ನು ಈ ಪ್ರಸಂಗ ಉಳಿಸಿಹೋಗಿದೆ.

ಒಟ್ಟಾರೆಯಾಗಿ, ರಾಮಾನುಜನ್ ಅವರ ಬದುಕು ವಿದ್ವತ್ ವಿನಿಮಯವನ್ನು ಅಳೆಯುವ ಕ್ರಮವನ್ನೇ ತಿದ್ದಿಕೊಳ್ಳಬೇಕೆಂದು ಸೂಚಿಸುತ್ತದೆ. ಹೋದವರು ಮರಳಿದರೇ ಎಂಬುದರ ಜೊತೆಗೆ, ಅವರು ಏನನ್ನು ಒಯ್ದರು, ಅದು ಅಲ್ಲಿನ ಚಿಂತನೆಯನ್ನು ಎಷ್ಟು ಬದಲಿಸಿತು, ಇಲ್ಲಿನ ಸೃಜನಶೀಲತೆಗೆ ಏನಾಗಿ ಮರಳಿತು ಎಂಬುದನ್ನೂ ಪರಿಗಣಿಸಬೇಕು. ಒಯ್ಯಲು ಯೋಗ್ಯವಾದುದು ಅವರ ಬಳಿ ಇದ್ದದ್ದು ಬೆಳಗಾವಿಯ ವರ್ಷಗಳಿಂದ. ವಿದೇಶಿ ವಿಶ್ವವಿದ್ಯಾಲಯಗಳೊಡನೆ ಒಪ್ಪಂದಕ್ಕೆ ಮುಂದಾಗುವ ಕರ್ನಾಟಕದ ವಿಶ್ವವಿದ್ಯಾಲಯಗಳು, ಕಳುಹಿಸುವ ವಿದ್ಯಾರ್ಥಿಗಳ ಸಂಖ್ಯೆಯೊಂದಿಗೆ ಅವರು ತಮ್ಮ ನೆಲದಲ್ಲಿ ನಡೆಸಿದ ಕ್ಷೇತ್ರಕಾರ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.